ಪಕ್ಷಿಲೋಕದ ತಪಸ್ವಿ ಡಾ. ಸಲೀಂ ಅಲಿ

ಭಾರತದ ಹಕ್ಕಿಗಳನ್ನು ಕುರಿತು ಇಂದು ತಿಳಿದಿರುವ ಸಂಗತಿಗಳಲ್ಲಿ ಬಹುಪಾಲು, ಒಬ್ಬ ಮಹನೀಯರ ಎಪ್ಪತ್ತು ವರ್ಷಗಳ ಅವಿಶ್ರಾಂತ ದುಡಿಮೆಗೆ ಋಣಿಯಾಗಿದೆ. ಆ ದುಡಿಮೆಯನ್ನು ಆರಂಭಿಸಿದಾಗ ಅವರ ಕೈಯಲ್ಲಿ ವಿಶ್ವವಿದ್ಯಾನಿಲಯದ ಪದವಿ ಇರಲಿಲ್ಲ. ಬೆನ್ನ ಹಿಂದೆ ಸರ್ಕಾರದ ಆಶ್ರಯವೂ ಇರಲಿಲ್ಲ. ಶಾಲೆಯಲ್ಲಿ ಅವರು ಸಾಮಾನ್ಯ ವಿದ್ಯಾರ್ಥಿ. ಗಣಿತವೆಂದರೆ ಅವರಿಗೆ ಭಯ. ಆದರೆ ಕಣ್ಣಿಗೆ ಬಿದ್ದುದನ್ನು ಮತ್ತೆ ಮತ್ತೆ ನೋಡಿ, ಖಚಿತವಾದ ಮೇಲೆಯೇ ಬರೆಯುವ ಒಂದು ಅಭ್ಯಾಸ ಅವರಿಗೆ ಬಾಲ್ಯದಲ್ಲಿಯೇ ದೊರಕಿತ್ತು. ಆ ಒಂದು ಅಭ್ಯಾಸ ಅವರನ್ನು ವಿಶ್ವಮಾನ್ಯ ವಿಜ್ಞಾನಿಯನ್ನಾಗಿ ಮಾಡಿತು. ಕೆರೆ ಕಾಡುಗಳನ್ನು ಉಳಿಸುವ ಶಾಸನಗಳಿಗೆ ತಳಹದಿಯನ್ನೂ ಒದಗಿಸಿತು. ಅವರೇ ಡಾ. ಸಲೀಂ ಅಲಿ.

ಸಲೀಂ ಅಲಿಯವರು ಜನಿಸಿದ್ದು ೧೮೯೬ರ ನವೆಂಬರ್ ೧೨ರಂದು, ಮುಂಬಯಿಯಲ್ಲಿ. ತುಂಬಿದ ಕುಟುಂಬದ ಕೊನೆಯ ಮಗು. ತಂದೆ ಮೊಯಿಜುದ್ದೀನ್ ಅವರು ಮಗುವಿಗೆ ಒಂದು ವರ್ಷ ತುಂಬುವ ವೇಳೆಗೆ ತೀರಿಕೊಂಡರು. ಮೂರು ವರ್ಷವಾಗುವಷ್ಟರಲ್ಲಿ ತಾಯಿ ಜೀನತ್‌ ಉನ್ನೀಸಾ ಅವರೂ ಕಣ್ಮರೆಯಾದರು. ಅನಾಥರಾದ ಮಕ್ಕಳನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ಮುಂಬಯಿಯ ಖೇತವಾಡಿಯ ತಮ್ಮ ಮನೆಯಲ್ಲಿರಿಸಿಕೊಂಡು ಸಾಕಿದರು. ಆ ದಂಪತಿಗಳಿಗೆ ಮಕ್ಕಳಿರಲಿಲ್ಲ. ತಂದೆ ತಾಯಿಗಳ ಕೊರತೆ ಎದ್ದು ಕಾಣದಂತೆ ಅವರು ಈ ಮಕ್ಕಳನ್ನು ಬೆಳೆಸಿದರು.

ಮಾವನವರು ಬೇಟೆಯಲ್ಲಿ ಆಸಕ್ತಿಯುಳ್ಳವರು. ಹುಡುಗನಿಗೆ ಅವರು ಆಟದ ಗಾಳಿಬಂದೂಕೊಂದನ್ನು ಕೊಡಿಸಿದ್ದರು. ೧೯೦೮ರ ಸುಮಾರಿನಲ್ಲಿ ಒಂದು ದಿನ ಆ ಬಂದೂಕಿನಿಂದ ಸಲೀಂ ಒಂದು ಗುಬ್ಬಚ್ಚಿಯನ್ನು ಹೊಡೆದುರುಳಿಸಿದ. ಕೈಗೆತ್ತಿಕೊಂಡು ನೋಡಿದಾಗ, ಮನೆಯ ಸೂರಿನಲ್ಲಿ ಗೂಡುಕಟ್ಟುವ ಗುಬ್ಬಚ್ಚಿಗಿಂತ ಅದು ಬೇರೆಯಾಗಿ ಕಂಡಿತು. ಅದರ ಕತ್ತಿನ ಮೇಲೆ ಹಳದಿಯ ಮಚ್ಚೆಯೊಂದಿತ್ತು. ಇದು ಯಾವ ಹಕ್ಕಿ ಎಂದು ಹುಡುಗ ಕೇಳಿದ. ಮಾವನವರಿಗೆ ಉತ್ತರ ತಿಳಿದಿರಲಿಲ್ಲ. ಪ್ರಶ್ನೆಯನ್ನು ತಳ್ಳಿಹಾಕದೆ ಅವರು ಹುಡುಗನ ಕೈಗೆ ಪರಿಚಯದ ಪತ್ರವೊಂದನ್ನು ಕೊಟ್ಟು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಡಬ್ಲ್ಯೂ. ಎಸ್. ಮಿಲ್ಲಾರ್ಡ್ ಅವರಲ್ಲಿಗೆ ಕಳುಹಿಸಿದರು.

೧೮೮೩ರಲ್ಲಿ ಸ್ಥಾಪಿತವಾದ ಆ ಸೊಸೈಟಿ ಅಂದಿಗೆ ಬಹುಮಟ್ಟಿಗೆ ಆಂಗ್ಲರ ಸಂಸ್ಥೆಯಾಗಿತ್ತು. ಸತ್ತ ಗುಬ್ಬಚ್ಚಿಯನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ ಭಾರತೀಯ ಹುಡುಗನನ್ನು ಮಿಲ್ಲಾರ್ಡರು ಒಳಗೆ ಕರೆದರು. ಅದು ಹಳದಿ ಕತ್ತಿನ ಗುಬ್ಬಚ್ಚಿಯೆಂದು ಗುರುತಿಸಿ ಹೇಳಿದರು. ಅಷ್ಟಕ್ಕೇ ಮುಗಿಸದೆ, ಹತ್ತಿ ತುಂಬಿ ಕಾಪಿಟ್ಟ ನೂರಾರು ಹಕ್ಕಿಗಳಿದ್ದ ಬೀರುಗಳ ಸೆಳೆಖಾನೆಗಳನ್ನು ಒಂದೊಂದಾಗಿ ತೆರೆದು ತೋರಿಸಿದರು. ಓದಲು ಪುಸ್ತಕಗಳನ್ನು ಕೊಟ್ಟರು; ಹಕ್ಕಿಯ ಚರ್ಮವನ್ನು ಸುಲಿದು ಕೆಡದಂತೆ ಸಂರಕ್ಷಿಸುವ ವಿಧಾನವನ್ನು ಕಲಿಸುವ ಏರ್ಪಾಡು ಮಾಡಿದರು. ಹುಡುಗನ ಮುಂದಿನ ಬದುಕು ಆ ಕೋಣೆಯಲ್ಲಿ ನಿಶ್ಚಯವಾಯಿತು. ಒಬ್ಬ ಬಾಲಕನ ಕುತೂಹಲಕ್ಕೆ ಒಬ್ಬ ಹಿರಿಯರು ಕೊಟ್ಟ ಅರ್ಧ ದಿನದ ಬೆಲೆ ಎಷ್ಟೆಂಬುದನ್ನು ಅಂದು ಯಾರೂ ಎಣಿಸುವಂತಿರಲಿಲ್ಲ.

ಶಾಲೆಯ ವಿದ್ಯೆ ಮಾತ್ರ ಸರಾಗವಾಗಿ ಸಾಗಲಿಲ್ಲ. ತಲೆನೋವಿನ ಬಾಧೆಯಿಂದಾಗಿ ಓದು ಆಗಾಗ ನಿಂತಿತು. ಮಾರುವ ಗಾಳಿಗಾಗಿ ಸಿಂಧ್ ಪ್ರಾಂತದಲ್ಲಿ ಕೆಲಕಾಲ ಇರಬೇಕಾಯಿತು. ೧೯೧೩ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ಹೇಗೋ ದಾಟಿದ ತರುಣ, ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರೂ ಅಲ್ಲಿ ಬಹುಕಾಲ ನಿಲ್ಲಲಿಲ್ಲ. ಕುಟುಂಬದವರ ಗಣಿ ಮತ್ತು ಮರದ ವ್ಯಾಪಾರವನ್ನು ನೋಡಿಕೊಳ್ಳಲು ಬರ್ಮಾದ ತವಾಯ್‌ಗೆ ತೆರಳಿದರು. ವ್ಯಾಪಾರಕ್ಕಿಂತ ಅಲ್ಲಿನ ದಟ್ಟವಾದ ಕಾಡೇ ಅವರಿಗೆ ಪ್ರಿಯವಾಯಿತು. ೧೯೧೭ರಲ್ಲಿ ಮರಳಿ ಬಂದವರು ಒಂದು ಕಡೆ ಲೆಕ್ಕಪತ್ರ ಮತ್ತು ವಾಣಿಜ್ಯ ಕಾನೂನಿನ ತರಗತಿಗೆ ಸೇರಿದರು. ಮತ್ತೊಂದು ಕಡೆ, ಸೇಂಟ್ ಝೇವಿಯರ್ ಕಾಲೇಜಿನ ಫಾದರ್ ಎಥೆಲ್ಬರ್ಟ್ ಬ್ಲಾಟರ್ ಅವರ ಪ್ರೋತ್ಸಾಹದಿಂದ ಪ್ರಾಣಿಶಾಸ್ತ್ರದ ಪಾಠಗಳನ್ನು ಅಭ್ಯಾಸ ಮಾಡಿದರು. ೧೯೧೮ರಲ್ಲಿ ತೆಹಮಿನಾ ಬೇಗಂ ಅವರೊಡನೆ ವಿವಾಹವಾಯಿತು.

ಭಾರತ ಸರ್ಕಾರದ ಪ್ರಾಣಿ ಸರ್ವೇಕ್ಷಣ ಇಲಾಖೆಯಲ್ಲಿ ಪಕ್ಷಿತಜ್ಞರ ಸ್ಥಾನ, ಪದವಿಯಿಲ್ಲವೆಂಬ ಕಾರಣದಿಂದ ಅವರಿಗೆ ದೊರೆಯಲಿಲ್ಲ. ೧೯೨೬ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದ ಪ್ರಕೃತಿ ವಿಭಾಗದಲ್ಲಿ, ಬಂದವರಿಗೆ ವಿವರಿಸಿ ಹೇಳುವ ಉಪನ್ಯಾಸಕರ ಕೆಲಸ ಸಿಕ್ಕಿತು. ಎರಡು ವರ್ಷಗಳ ತರುವಾಯ ರಜೆ ಪಡೆದು ಅವರು ಜರ್ಮನಿಗೆ ಹೋದರು. ಬರ್ಲಿನ್ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿ ಪ್ರಾಧ್ಯಾಪಕ ಎರ್ವಿನ್ ಸ್ಟ್ರೆಸೆಮಾನ್ ಅವರ ಬಳಿ ಅಭ್ಯಾಸ ನಡೆಯಿತು. ಹಕ್ಕಿಯನ್ನು ಹೊಡೆದು, ಅಳೆದು, ಹೆಸರಿಟ್ಟು ಪೆಟ್ಟಿಗೆಯಲ್ಲಿ ಇಡುವುದೇ ಪಕ್ಷಿಶಾಸ್ತ್ರವೆಂದು ತಿಳಿದಿದ್ದ ಕಾಲವದು. ಬದುಕಿರುವ ಹಕ್ಕಿಯನ್ನು ಅದರ ನೆಲೆಯಲ್ಲಿಯೇ ನೋಡಬೇಕು, ಅದರ ಆಹಾರ, ಗೂಡು, ಸಂಸಾರ, ಸಂಚಾರಗಳನ್ನು ಅರಿಯಬೇಕು ಎಂಬ ಹೊಸ ದೃಷ್ಟಿ ಜರ್ಮನಿಯಲ್ಲಿ ಬೆಳೆಯುತ್ತಿತ್ತು. ಸ್ಟ್ರೆಸೆಮಾನ್ ಅವರನ್ನು ಸಲೀಂ ಅಲಿಯವರು ಜೀವನದ ಕೊನೆಯವರೆಗೂ ಗುರುವೆಂದೇ ಸ್ಮರಿಸಿದರು.

೧೯೩೦ರಲ್ಲಿ ಸ್ವದೇಶಕ್ಕೆ ಮರಳಿದಾಗ ಅವರ ಕೆಲಸವೇ ಇರಲಿಲ್ಲ. ಹಣದ ಅಭಾವದಿಂದ ಆ ಸ್ಥಾನವನ್ನು ರದ್ದು ಮಾಡಲಾಗಿತ್ತು. ಮೂವತ್ತನಾಲ್ಕರ ವಯಸ್ಸಿನಲ್ಲಿ ನಿರುದ್ಯೋಗಿಯಾದ ಅವರು ಪತ್ನಿಯೊಡನೆ ಮುಂಬಯಿಗೆ ಸಮೀಪದ ಕಡಲತೀರದ ಹಳ್ಳಿ ಕಿಹೀಮ್‌ಗೆ ಹೋಗಿ ನೆಲೆಸಿದರು. ಅಲ್ಲಿ ಗೀಜಗನ ಹಕ್ಕಿಗಳು ಗೂಡುಕಟ್ಟುತ್ತಿದ್ದವು. ದಿನವೂ ಗಂಟೆಗಟ್ಟಲೆ ಅವುಗಳನ್ನು ನೋಡುತ್ತ ಕುಳಿತ ಅವರು, ಅದುವರೆಗೆ ಯಾರೂ ಸರಿಯಾಗಿ ಗಮನಿಸದಿದ್ದ ಒಂದು ಸಂಗತಿಯನ್ನು ಕಂಡುಕೊಂಡರು. ಗಂಡು ಗೀಜಗ ಗೂಡನ್ನು ಅರ್ಧದವರೆಗೆ ಹೆಣೆಯುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸಿ, ಒಪ್ಪಿದರೆ ಅಲ್ಲಿ ನಿಲ್ಲುತ್ತದೆ, ಒಪ್ಪದಿದ್ದರೆ ಹಾರಿಹೋಗುತ್ತದೆ. ಒಪ್ಪಿಗೆ ದೊರೆತ ಗೂಡನ್ನು ಗಂಡು ಪೂರ್ಣಗೊಳಿಸುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವು ಕೊಡುತ್ತಿರುವಾಗ ಗಂಡು ಇನ್ನೊಂದು ಗೂಡನ್ನು ಆರಂಭಿಸಿ ಇನ್ನೊಂದು ಹೆಣ್ಣಿಗಾಗಿ ಕಾಯುತ್ತದೆ. ಕೆಲಸ ಕಳೆದುಕೊಂಡ ದಿನಗಳಲ್ಲಿ ಬರೆದ ಈ ಪ್ರಬಂಧವೇ ಅವರಿಗೆ ವಿದ್ವಾಂಸರ ನಡುವೆ ಸ್ಥಾನವನ್ನು ದೊರಕಿಸಿತು.

ಅನಂತರ ಅವರು ದೇಶೀ ಸಂಸ್ಥಾನಗಳ ಪಕ್ಷಿ ಸಮೀಕ್ಷೆಯನ್ನು ಕೈಗೊಂಡರು. ತಮಗೆ ವೇತನ ಬೇಡ, ಪ್ರವಾಸ ಮತ್ತು ಬಿಡಾರದ ವೆಚ್ಚವನ್ನು ಸಂಸ್ಥಾನ ಭರಿಸಿದರೆ ಸಾಕೆಂಬುದು ಅವರ ಒಪ್ಪಂದ. ೧೯೩೧–೩೨ರಲ್ಲಿ ಹೈದರಾಬಾದು, ೧೯೩೩ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ, ಹೀಗೆ ಒಂದಾದ ಮೇಲೊಂದರಂತೆ ಸಂಸ್ಥಾನಗಳನ್ನು ಅವರು ಕ್ರಮವಾಗಿ ಸುತ್ತಿದರು. ಡೇರೆಯಿಂದ ಡೇರೆಗೆ ಸಾಗುವ ಈ ಬಾಳಿನಲ್ಲಿ ತೆಹಮಿನಾ ಅವರು ಜೊತೆಗಿದ್ದು, ಬಿಡಾರದ ವ್ಯವಸ್ಥೆಯನ್ನು ನೋಡಿಕೊಂಡರು. ಪತಿಯ ಬರವಣಿಗೆಯನ್ನು ಓದಿ ತಿದ್ದಿದರು. ೧೯೩೯ರಲ್ಲಿ ಸಣ್ಣದೆಂದು ಎಣಿಸಿದ್ದ ಶಸ್ತ್ರಚಿಕಿತ್ಸೆಯೊಂದರ ತರುವಾಯ ಅವರು ತೀರಿಕೊಂಡರು. ಸಲೀಂ ಅಲಿಯವರು ಮರುವಿವಾಹವಾಗಲಿಲ್ಲ. ಸೋದರಿಯ ಮನೆಯೇ ಮುಂದೆ ಅವರ ಮನೆಯಾಯಿತು.

ಆ ದುಃಖದ ನೆರಳಿನಲ್ಲಿಯೇ, ೧೯೩೯–೪೦ರಲ್ಲಿ ಮೈಸೂರು ಸಂಸ್ಥಾನದ ಸಮೀಕ್ಷೆ ನಡೆಯಿತು. ಶ್ರೀರಂಗಪಟ್ಟಣದ ಬಳಿ, ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ ಉಂಟಾದ ನಡುಗಡ್ಡೆಗಳಲ್ಲಿ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆ ಮೊದಲಾದವು ಗುಂಪುಗುಂಪಾಗಿ ಗೂಡುಕಟ್ಟಿ ಮರಿಮಾಡುವುದನ್ನು ಅವರು ಕಂಡರು. ಇಂಥ ನೆಲೆ ಒಮ್ಮೆ ಹಾಳಾದರೆ ಮತ್ತೆ ದೊರೆಯುವುದು ಕಷ್ಟವೆಂದು ಅರಿತು, ಅದನ್ನು ರಕ್ಷಿಸಬೇಕೆಂದು ಮೈಸೂರಿನ ಅರಸರಲ್ಲಿ ಬಿನ್ನವಿಸಿದರು. ೧೯೪೦ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ೨೦೨೨ರಲ್ಲಿ ಅದು ಅಂತಾರಾಷ್ಟ್ರೀಯ ಮಹತ್ತ್ವದ ಜಲಭೂಮಿಗಳ ರಾಮ್ಸರ್ ಪಟ್ಟಿಗೂ ಸೇರಿತು. ಇಂದು ದೋಣಿಯಲ್ಲಿ ಕುಳಿತು ಅಲ್ಲಿನ ಹಕ್ಕಿಗಳನ್ನು ಕಾಣುವ ಶಾಲೆಯ ಮಕ್ಕಳು ಆ ಸಮೀಕ್ಷೆಯ ಫಲವನ್ನೇ ಕಾಣುತ್ತಿದ್ದಾರೆ. ಮೊದಲು ಅಧ್ಯಯನ, ಆಮೇಲೆ ಆಜ್ಞೆ ಎಂಬ ಕ್ರಮಕ್ಕೆ ಕನ್ನಡ ನಾಡಿನಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

೧೯೪೧ರಲ್ಲಿ ಅವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಪ್ರಕಟವಾಯಿತು. ಬಣ್ಣದ ಚಿತ್ರಗಳಿಂದ ಕೂಡಿ, ಸಾಮಾನ್ಯ ಓದುಗನೂ ತನ್ನ ಅಂಗಳದ ಹಕ್ಕಿಯನ್ನು ಗುರುತಿಸಬಹುದಾದ ಗ್ರಂಥವದು. ಸೆರೆಮನೆಯಲ್ಲಿದ್ದ ಜವಾಹರಲಾಲ್ ನೆಹರೂ ಅವರು, ಬೇರೊಂದು ಸೆರೆಮನೆಯಲ್ಲಿದ್ದ ಮಗಳು ಇಂದಿರಾ ಅವರಿಗೆ ಅದನ್ನು ಕಳುಹಿಸಿಕೊಟ್ಟರು. ಹೀಗೆ ಬೆಳೆದ ಪಕ್ಷಿಪ್ರೀತಿ ಮುಂದೆ ದೇಶದ ನೀತಿಗೂ ಉಪಕಾರಿಯಾಯಿತು.

ಸ್ವಾತಂತ್ರ್ಯಾನಂತರ ಆಂಗ್ಲ ಸದಸ್ಯರಲ್ಲಿ ಅನೇಕರು ದೇಶಬಿಟ್ಟು ಹೋದಾಗ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಣವಿಲ್ಲದೆ ಸೊರಗಿತು. ತಮ್ಮನ್ನು ಬಾಲ್ಯದಲ್ಲಿ ಒಳಗೆ ಕರೆದುಕೊಂಡ ಆ ಸಂಸ್ಥೆಯನ್ನು ಉಳಿಸುವ ಹೊಣೆಯನ್ನು ಸಲೀಂ ಅಲಿಯವರು ಹೊತ್ತರು. ಪ್ರಧಾನಿ ನೆಹರೂ ಅವರಿಗೆ ಪತ್ರ ಬರೆದು ಸರ್ಕಾರದ ನೆರವನ್ನು ದೊರಕಿಸಿದರು. ಸಿಂಗಪುರದ ಉದ್ಯಮಿ ಲೋಕ್ ವಾನ್ ಥೋ ಅವರಂಥ ಮಿತ್ರರು ಉದಾರವಾಗಿ ಕೈನೀಡಿದರು. ಮುಂಬಯಿ ವಿಶ್ವವಿದ್ಯಾನಿಲಯ ಆ ಸಂಸ್ಥೆಯನ್ನು ಸಂಶೋಧನಾ ಕೇಂದ್ರವಾಗಿ ಮಾನ್ಯ ಮಾಡಿತು. ಪದವಿಯಿಲ್ಲದೆ ಕೆಲಸ ತಪ್ಪಿಸಿಕೊಂಡವರು ಅಲ್ಲಿ ಇತರರ ಪದವಿಗೆ ಮಾರ್ಗದರ್ಶಕರಾದರು.

೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಹಳ್ಳಿಗಳ ಜನ ಹಿಂದೆ ಕಂಡರಿಯದ ಜ್ವರಕ್ಕೆ ತುತ್ತಾದರು. ಇಂದಿಗೂ ಮಲೆನಾಡನ್ನು ಕಾಡುತ್ತಿರುವ ಮಂಗನ ಕಾಯಿಲೆ ಅದೇ. ಉಣ್ಣಿಗಳಿಂದ ಹರಡುವ ಅದರ ವೈರಸ್ಸು ರಷ್ಯಾದ ಒಂದು ವೈರಸ್ಸನ್ನು ಹೋಲುತ್ತಿದ್ದುದರಿಂದ, ವಲಸೆ ಹಕ್ಕಿಗಳ ಮೈಮೇಲಿನ ಉಣ್ಣಿಗಳು ಅದನ್ನು ಉತ್ತರದಿಂದ ತಂದಿರಬಹುದೆಂಬ ಸಂದೇಹ ಹುಟ್ಟಿತು. ಸಂದೇಹವನ್ನು ಪರೀಕ್ಷಿಸಬೇಕಾದರೆ ಹಕ್ಕಿಗಳು ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂಬುದು ತಿಳಿಯಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ೧೯೫೯ರಲ್ಲಿ ಸಲೀಂ ಅಲಿಯವರ ಮುಂದಾಳುತನದಲ್ಲಿ ವಲಸೆ ಹಕ್ಕಿಗಳ ಅಧ್ಯಯನ ಆರಂಭವಾಯಿತು. ಬಲೆಯಲ್ಲಿ ಹಿಡಿದ ಹಕ್ಕಿಯ ಕಾಲಿಗೆ, ಸಂಖ್ಯೆಯನ್ನೂ ಸೊಸೈಟಿಯ ಹೆಸರನ್ನೂ ಕೊರೆದ ಹಗುರವಾದ ಲೋಹದ ಉಂಗುರವನ್ನು ತೊಡಿಸಿ ಹಾರಿಬಿಡುವುದು ಅದರ ವಿಧಾನ. ಆ ಉಂಗುರಗಳು ದೂರದ ಸೋವಿಯೆತ್ ನೆಲದಿಂದಲೂ ಸುದ್ದಿ ತಂದವು. ವೈರಸ್ಸನ್ನು ತಂದದ್ದು ಹಕ್ಕಿಗಳೇ ಎಂಬುದು ಸಿದ್ಧವಾಗಲಿಲ್ಲ. ಆದರೆ ಒಂದು ಆರೋಗ್ಯ ಸಮಸ್ಯೆಯಿಂದ ಹುಟ್ಟಿದ ಆ ಅಧ್ಯಯನ, ಭಾರತದ ಕೆರೆ ಕುಂಟೆಗಳು ಖಂಡಾಂತರದ ಹಕ್ಕಿಗಳಿಗೆ ಆಶ್ರಯವೆಂಬುದನ್ನು ಪ್ರಮಾಣಸಹಿತವಾಗಿ ತೋರಿಸಿಕೊಟ್ಟಿತು. ವೈದ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೂಗೋಳ ಇವು ಬೇರೆ ಬೇರೆ ಕೋಣೆಗಳ ವಿದ್ಯೆಗಳಲ್ಲವೆಂಬುದೂ ಅದರಿಂದ ಸ್ಪಷ್ಟವಾಯಿತು.

ಈ ನಡುವೆ ಅಮೆರಿಕದ ವಿದ್ವಾಂಸ ಸಿಡ್ನಿ ಡಿಲ್ಲನ್ ರಿಪ್ಲಿ ಅವರೊಡನೆ ಭಾರತ ಮತ್ತು ಪಾಕಿಸ್ತಾನದ ಹಕ್ಕಿಗಳ ಕೈಪಿಡಿಯನ್ನು ಅವರು ಬರೆದರು. ಹತ್ತು ಸಂಪುಟಗಳ ಆ ಮಹಾಗ್ರಂಥ ೧೯೬೮ರಿಂದ ೧೯೭೪ರವರೆಗೆ ಹೊರಬಂದಿತು. ಕೊನೆಯ ಸಂಪುಟದ ವೇಳೆಗೆ ಅವರ ವಯಸ್ಸು ಎಪ್ಪತ್ತೆಂಟರ ಸಮೀಪದಲ್ಲಿತ್ತು. ೧೯೫೮ರಲ್ಲಿ ಪದ್ಮಭೂಷಣ, ೧೯೭೬ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಬಂದವು. ಆಲಿಗಢ ಮೊದಲಾದ ವಿಶ್ವವಿದ್ಯಾನಿಲಯಗಳು ಗೌರವ ಡಾಕ್ಟರೇಟ್ ನೀಡಿದವು. ಪಾಲ್ ಗೆಟ್ಟಿ ವನ್ಯಜೀವಿ ಸಂರಕ್ಷಣಾ ಪ್ರಶಸ್ತಿಯ ದೊಡ್ಡ ಮೊತ್ತ ಕೈಸೇರಿದಾಗ ಅದನ್ನು ಅವರು ಪ್ರಕೃತಿ ಸಂರಕ್ಷಣೆಯ ನಿಧಿಯೊಂದಕ್ಕೆ ಮೂಲಧನವಾಗಿಸಿದರು.

ಅವರ ಮಾತಿಗೆ ದೇಶದಲ್ಲಿ ಬೆಲೆಯಿತ್ತು. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಕುಂತಿಪುಳ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ತು ಪಡೆಯುವ ಯೋಜನೆ ಬಂದಾಗ, ಶಾಸ್ತ್ರಜ್ಞರೂ ಕವಿಗಳೂ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಕಾರ್ಯಕರ್ತರೂ ಅದನ್ನು ವಿರೋಧಿಸಿದರು. ಸಲೀಂ ಅಲಿಯವರು ಆ ಕಾಡನ್ನು ಕಂಡು, ಯೋಜನೆಯನ್ನು ಕೈಬಿಡಬೇಕೆಂದು ಮನವಿ ಮಾಡಿದರು. ೧೯೮೩ರಲ್ಲಿ ಯೋಜನೆ ನಿಂತಿತು. ೧೯೮೪ರಲ್ಲಿ ಆ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು.

ಆದರೆ ಈ ಜೀವನದ ಅತ್ಯಂತ ಗಂಭೀರವಾದ ಪಾಠ ದೊರೆಯುವುದು ರಾಜಸ್ಥಾನದ ಭರತಪುರದಲ್ಲಿ. ಅಲ್ಲಿನ ಜೌಗುನೆಲ ಮಹಾರಾಜರ ಬೇಟೆಯ ತಾಣವಾಗಿತ್ತು. ೧೯೩೮ರ ನವೆಂಬರ್ ೧೨ರಂದು, ಎಂದರೆ ಸಲೀಂ ಅಲಿಯವರ ನಲವತ್ತೆರಡನೆಯ ಹುಟ್ಟುಹಬ್ಬದ ದಿನ, ವೈಸರಾಯ್ ಲಿನ್‌ಲಿತ್‌ಗೋ ಅವರ ಬೇಟೆಯ ತಂಡ ಅಲ್ಲಿ ಒಂದೇ ದಿನದಲ್ಲಿ ೪,೨೭೩ ಹಕ್ಕಿಗಳನ್ನು ಹೊಡೆಯಿತು. ಸ್ವಾತಂತ್ರ್ಯ ಬಂದ ಮೇಲೆ ಆ ನೀರನ್ನು ಹರಿಯಗೊಟ್ಟು ನೆಲವನ್ನು ಸಾಗುವಳಿಗೆ ಹಂಚಬೇಕೆಂಬ ಬೇಡಿಕೆ ಎದ್ದಾಗ, ಸಲೀಂ ಅಲಿಯವರು ನೆಹರೂ ಅವರಲ್ಲಿ ಮೊರೆಯಿಟ್ಟು ಅದನ್ನು ಉಳಿಸಿದರು. ೧೯೮೧ರಲ್ಲಿ ಅದು ರಾಮ್ಸರ್ ಪಟ್ಟಿಗೆ ಸೇರಿತು. ೧೯೮೨ರಲ್ಲಿ ಕೇವಲಾದೇವ ರಾಷ್ಟ್ರೀಯ ಉದ್ಯಾನವಾಯಿತು. ೧೯೮೫ರಲ್ಲಿ ವಿಶ್ವ ಪರಂಪರೆಯ ತಾಣವೆಂಬ ಮನ್ನಣೆ ಪಡೆಯಿತು.

ರಾಷ್ಟ್ರೀಯ ಉದ್ಯಾನದಲ್ಲಿ ದನಕರು ಮೇಯಿಸುವಂತಿಲ್ಲವೆಂಬುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಿಯಮ. ಎಮ್ಮೆಗಳ ತುಳಿತದಿಂದಲೂ ಮೇವಿನಿಂದಲೂ ಹಕ್ಕಿಗಳಿಗೆ ಹಾನಿಯೆಂದು ಸಲೀಂ ಅಲಿಯವರೂ ನಂಬಿದ್ದರು. ತಲೆತಲಾಂತರದಿಂದ ಅಲ್ಲಿ ಎಮ್ಮೆ ಮೇಯಿಸುತ್ತಿದ್ದ ಸುತ್ತಲಿನ ಹಳ್ಳಿಗರಿಗೆ ಬೇರೆ ಮೇವಿನ ನೆಲೆಯನ್ನು ತೋರಿಸದೆ ೧೯೮೨ರಲ್ಲಿ ನಿಷೇಧ ಜಾರಿಗೆ ಬಂದಿತು. ಘರ್ಷಣೆ ಸಂಭವಿಸಿತು, ಪೊಲೀಸರ ಗುಂಡಿಗೆ ಗ್ರಾಮಸ್ಥರು ಬಲಿಯಾದರು. ಹಕ್ಕಿಗಳ ರಕ್ಷಣೆಗಾಗಿ ಮಾಡಿದ ಏರ್ಪಾಡಿನಲ್ಲಿ ಮನುಷ್ಯರ ರಕ್ತ ಹರಿಯಿತು.

ಎಮ್ಮೆಗಳು ಹೊರಗುಳಿದ ಮೇಲೆ ಹಕ್ಕಿಗಳಿಗೆ ಒಳ್ಳೆಯದಾಯಿತೇ? ಇದನ್ನು ಅರಿಯಲು ಸಾಧ್ಯವಾದದ್ದು, ಅದೇ ಜೌಗುನೆಲದಲ್ಲಿ ಸೊಸೈಟಿಯ ಸಂಶೋಧಕರು ೧೯೮೦ರಿಂದಲೇ ದೀರ್ಘಕಾಲದ ಅಧ್ಯಯನವನ್ನು ನಡೆಸುತ್ತಿದ್ದುದರಿಂದ. ಹತ್ತು ವರ್ಷಗಳ ಅವಲೋಕನದ ಫಲಿತಾಂಶ ನಂಬಿಕೆಗೆ ವಿರುದ್ಧವಾಗಿತ್ತು. ಎಮ್ಮೆಗಳು ತಿಂದು ಮಿತಿಯಲ್ಲಿಟ್ಟಿದ್ದ ಪಾಸ್ಪಲಂ ಎಂಬ ಹುಲ್ಲು ಹುಲುಸಾಗಿ ಹಬ್ಬಿ ತೆರೆದ ನೀರನ್ನು ಮುಚ್ಚಿತ್ತು. ಈಜುವ, ಮುಳುಗಿ ಮೀನು ಹಿಡಿಯುವ ಹಕ್ಕಿಗಳಿಗೆ ಸ್ಥಳವೂ ಆಹಾರವೂ ಕಡಿಮೆಯಾಗಿದ್ದವು. ಕೆಡುಕು ಮಾಡುತ್ತವೆಂದು ಹೊರಗಟ್ಟಿದ ಎಮ್ಮೆಗಳೇ ಆ ನೆಲದ ಸಮತೋಲವನ್ನು ಕಾಯುತ್ತಿದ್ದವು.

ಈ ಫಲಿತಾಂಶ ಪೂರ್ಣವಾಗಿ ಪ್ರಕಟವಾಗುವ ವೇಳೆಗೆ ಸಲೀಂ ಅಲಿಯವರು ಇರಲಿಲ್ಲ. ೧೯೮೫ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡು, ಅದೇ ವರ್ಷ ‘ದಿ ಫಾಲ್ ಆಫ್ ಎ ಸ್ಪ್ಯಾರೋ’ ಎಂಬ ಆತ್ಮಕಥೆಯನ್ನು ಪ್ರಕಟಿಸಿ, ೧೯೮೭ರ ಜೂನ್ ೨೦ರಂದು ತೊಂಬತ್ತರ ವಯಸ್ಸಿನಲ್ಲಿ ಮುಂಬಯಿಯಲ್ಲಿ ಅವರು ನಿಧನರಾದರು. ತಾವು ಜೀವಮಾನವಿಡೀ ಪೋಷಿಸಿದ ಸಂಸ್ಥೆಯೇ ತಮ್ಮ ಅಭಿಪ್ರಾಯವನ್ನು ತಪ್ಪೆಂದು ತೋರಿಸಿದುದನ್ನು ಕಾಣುವ ಅವಕಾಶ ಅವರಿಗೆ ಒದಗಲಿಲ್ಲ. ಆದರೆ ಅದರಿಂದ ಅವರ ಹಿರಿಮೆ ಕುಂದುವುದಿಲ್ಲ. ಹಿರಿಯರ ಮಾತೆಂದು ಒಪ್ಪಿ ಸುಮ್ಮನಾಗದೆ, ನೆಲಕ್ಕಿಳಿದು ನೋಡಿ, ಎಣಿಸಿ, ಕಂಡದ್ದನ್ನು ಕಂಡಂತೆಯೇ ಬರೆಯಬೇಕೆಂಬುದನ್ನು ಆ ಸಂಶೋಧಕರು ಕಲಿತದ್ದು ಅವರ ಪರಂಪರೆಯಲ್ಲಿಯೇ. ಗುರುವಿನ ತಪ್ಪನ್ನು ಗುರುವೇ ಕಲಿಸಿದ ವಿಧಾನದಿಂದ ಶಿಷ್ಯರು ತಿದ್ದಿದರೆ, ಆ ವಿದ್ಯೆ ಸಾರ್ಥಕವಾಯಿತೆಂದೇ ತಿಳಿಯಬೇಕು. ಆ ತಪ್ಪಿಗೆ ಬೆಲೆತೆತ್ತ ಹಳ್ಳಿಗರನ್ನು ಮರೆಯದಿರುವುದೂ ಆ ವಿದ್ಯೆಯ ಭಾಗವೇ ಆಗಬೇಕು. ಕಾಡು ಕೆರೆಗಳಿಗಾಗಿ ನಿಯಮಗಳನ್ನು ರೂಪಿಸುವವರು, ಅಲ್ಲಿ ಬದುಕುವ ಜನರನ್ನು ಕೇಳಿ, ಅಲ್ಲಿನ ನೆಲವನ್ನು ವರ್ಷಗಳ ಕಾಲ ನೋಡಿ, ಆಮೇಲೆ ಲೇಖನಿ ಹಿಡಿಯಬೇಕೆಂಬುದು ಭರತಪುರ ಕಲಿಸಿದ ಪಾಠ.

೧೯೯೦ರಲ್ಲಿ ಕೊಯಮತ್ತೂರಿನ ಬಳಿ ಅವರ ಹೆಸರಿನಲ್ಲಿ ಪಕ್ಷಿಶಾಸ್ತ್ರ ಮತ್ತು ಪ್ರಕೃತಿ ಅಧ್ಯಯನದ ರಾಷ್ಟ್ರೀಯ ಕೇಂದ್ರವೊಂದು ಸ್ಥಾಪನೆಗೊಂಡಿತು. ರಂಗನತಿಟ್ಟಿನಲ್ಲಿ ಪ್ರತಿವರ್ಷವೂ ಕೊಕ್ಕರೆಗಳು ಬಂದು ಗೂಡುಕಟ್ಟುತ್ತಿವೆ. ಇವೆಲ್ಲವೂ ಅವರ ಸ್ಮಾರಕಗಳೇ. ಆದರೂ ಈ ಬಾಳನ್ನು ನೆನೆಯುವಾಗ ಮನಸ್ಸು ಮತ್ತೆ ಮತ್ತೆ ಹೊರಳುವುದು ಮುಂಬಯಿಯ ಆ ಹಳೆಯ ಕೋಣೆಯ ಕಡೆಗೆ. ಉತ್ತರ ತಿಳಿಯದ ಮಾವ ಪ್ರಶ್ನೆಯನ್ನು ಗೌರವಿಸಿದರು. ಉತ್ತರ ತಿಳಿದ ಹಿರಿಯರು ಸೆಳೆಖಾನೆಗಳನ್ನು ತೆರೆದರು. ಪ್ರತಿಯೊಂದು ವಿದ್ಯಾಲಯದ ಬಾಗಿಲಿಗೂ ಕೈಯಲ್ಲಿ ಏನನ್ನೋ ಹಿಡಿದು, ಇದೇನೆಂದು ಕೇಳಲು ಹಿಂಜರಿಯುತ್ತ ನಿಂತ ಮಗುವೊಂದು ಬಂದೇ ಬರುತ್ತದೆ. ಅದನ್ನು ಒಳಗೆ ಕರೆಯುವವರು ಇರುವವರೆಗೆ ಸಲೀಂ ಅಲಿಯವರಂಥವರು ಹುಟ್ಟಿಬರುವುದಕ್ಕೆ ಅವಕಾಶವಿದೆ.